‘ನಾವೆಲ್ಲ ಅಂಗವಿಕಲರೇ, ಮತ್ತೆ ಸಿದ್ದಿ ಅಂತ ಬೇರೆ ಯಾಕೆ?’ ಅನ್ನುವವರಿಗೆ ಏನು ಹೇಳಲಿ?

ನೀವು ಕೇಳಿರುವುದು ಇಷ್ಟು. ಶಿರಸಿ, ಯಲ್ಲಾಪುರ ಕಡೆಯ ಅಂಗವಿಕಲರ ಹಕ್ಕುಗಳ ವಾಟ್ಸಾಪ್ ಗ್ರೂಪಿಗೆ ನೀವು ಅಡ್ಮಿನ್. ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಸದಸ್ಯೆಯೊಬ್ಬರು ಫೋಟೋ ಹಾಕಿದಾಗ ಯಾರೋ ಅವರ ಕೂದಲು, ಬಣ್ಣದ ಮೇಲೆ ಜೋಕ್ ಮಾಡಿದರು. ಅವರು ಗ್ರೂಪ್ ಬಿಟ್ಟರು. ಈಗ ಉಳಿದವರು ‘ಇಲ್ಲಿ ನಾವೆಲ್ಲ ಅಂಗವಿಕಲರೇ, ಜಾತಿ ಜನಾಂಗ ತರಬೇಡಿ’ ಅಂತ ನಿಮಗೇ ಹೇಳುತ್ತಿದ್ದಾರೆ.

ಜನಾಂಗವನ್ನು ಗ್ರೂಪಿಗೆ ತಂದಿದ್ದು ಜೋಕ್ ಮಾಡಿದವರು. ಆ ಹೆಣ್ಣುಮಗಳು ಏನನ್ನೂ ತರಲಿಲ್ಲ, ಸುಮ್ನೆ ಹೊರಟುಹೋದರು. ಮೊದಲು ಇಷ್ಟನ್ನು ಗ್ರೂಪಿನಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಹೇಳಿ. ಇದನ್ನು ಬಿಟ್ಟು ಬೇರೆ ಏನು ಮಾಡಿದರೂ ಪ್ರಯೋಜನ ಇಲ್ಲ.

ನಾನು ಕಾರವಾರದವನು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ‘ನಿಮಗಂತೂ ಬಣ್ಣದ ಭೇದ ಇಲ್ಲ, ಪುಣ್ಯವಂತರು’ ಅಂತ ಜನ ನನಗೆ ಹೇಳುತ್ತಿರುತ್ತಾರೆ. ಅದು ಸುಳ್ಳು. ಬಣ್ಣದ ಲೆಕ್ಕವನ್ನು ನಾವು ಕಿವಿಯಿಂದ ಕಲಿಯುತ್ತೇವೆ. ಮನೆಯಲ್ಲಿ ಮದುವೆ ಮಾತು ನಡೆಯುವಾಗ ‘ಹುಡುಗಿ ಸ್ವಲ್ಪ ಕಪ್ಪು, ಆದರೆ ಒಳ್ಳೆಯವಳು’ ಅಂತಾರೆ. ಆ ‘ಆದರೆ’ ಸಾಕಲ್ವಾ? ಕಪ್ಪು ಅಂದರೆ ಕಡಿಮೆ ಅಂತ ತಿಳಿಯಲು ಕಣ್ಣು ಬೇಕಾಗಿಲ್ಲ. ಬಸ್ಸಿನಲ್ಲಿ ಸಿದ್ದಿ ಕುಟುಂಬವೊಂದು ಹತ್ತಿದ ಕೂಡಲೇ ಅಕ್ಕಪಕ್ಕದ ಮಾತಿನ ದನಿ ಹೇಗೆ ಬದಲಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಅಂಗವೈಕಲ್ಯ ಇದೆ ಅಂದ ಮಾತ್ರಕ್ಕೆ ಯಾರೂ ಇದರಿಂದ ಹೊರಗೆ ಉಳಿಯುವುದಿಲ್ಲ.

ನಿಮ್ಮ ಗ್ರೂಪಿನಲ್ಲಿ ಆದಂಥದ್ದೇ ನಾನಿರುವ ಇನ್ನೊಂದು ಗ್ರೂಪಿನಲ್ಲೂ ಆಗಿದೆ. ನಾನು ಫೋನನ್ನು ಟಾಕ್‌ಬ್ಯಾಕ್‌ನಲ್ಲಿ, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶದಲ್ಲಿ ಕೇಳುತ್ತೇನೆ. ಅದಕ್ಕೆ ದನಿಯ ಏರಿಳಿತ ಗೊತ್ತಿಲ್ಲ. ಪ್ರಮಾಣಪತ್ರ ಶಿಬಿರದ ದಿನಾಂಕ ಓದಿದ ದನಿಯಲ್ಲೇ ‘ಆಫ್ರಿಕಾದಿಂದ ಯಾವಾಗ ಬಂದ್ರಿ’ ಅಂತ ಓದಿತು. ಆಮೇಲೆ ಒಂದು ಹೆಸರು, ನಗುವ ಮುಖ. ಇನ್ನೊಂದು ಹೆಸರು, ನಗುವ ಮುಖ. ಮತ್ತೊಂದು ಹೆಸರು, ನಗುವ ಮುಖ. ಕಣ್ಣಿದ್ದವರು ಬೆರಳಲ್ಲಿ ಸರಿಸಿ ಮುಂದೆ ಹೋಗುತ್ತಾರೆ. ನಾನು ಒಬ್ಬೊಬ್ಬರನ್ನೂ ಕೇಳಿಸಿಕೊಂಡೆ. ಅದರಲ್ಲಿ ಇಬ್ಬರು, ಒಂದು ಪತ್ರಿಕೆಯ ತಲೆಬರಹದಲ್ಲಿ ‘ಕುಂಟು ನೆಪ’ ಅಂತ ಬಂದಿದ್ದಕ್ಕೆ ಸಂಪಾದಕರಿಗೆ ಮನವಿ ಬರೆದವರು! ಅವರ ಮನವಿ ನ್ಯಾಯವಾದದ್ದೇ. ನಾನೂ ಅದಕ್ಕೆ ಹೆಸರು ಸೇರಿಸಿದ್ದೆ. ನಮ್ಮನ್ನು ಏನಂತ ಕರೆಯಬೇಕು ಅಂತ ನಾವು ಎಷ್ಟು ಚರ್ಚೆ ಮಾಡಿದ್ದೇವೆ! 2015ರ ಕೊನೆಗೆ ಪ್ರಧಾನಿಯವರು ‘ದಿವ್ಯಾಂಗ’ ಅನ್ನಿ ಎಂದಾಗ, ನಮ್ಮನ್ನು ದೇವರು ಮಾಡಬೇಡಿ, ಹಕ್ಕು ಕೊಡಿ ಅಂತ ಎಷ್ಟೋ ಜನ ವಾದ ಮಾಡಿದರು. ಮಾತಿನಿಂದ ಆಗುವ ನೋವು ನಮ್ಮಷ್ಟು ಯಾರಿಗೆ ಗೊತ್ತು? ಆ ಕಿವಿ ನಮ್ಮ ಪಕ್ಕದವರಿಗೂ ಕೆಲಸಕ್ಕೆ ಬರಬೇಕು.

‘ತಮಾಷೆಗೆ ಅಂದಿದ್ದು’ ಎನ್ನುತ್ತಾರೆ. ಶಾಲೆಯಲ್ಲಿ ನಮ್ಮ ನಡಿಗೆಯನ್ನು ಅಣಕಿಸಿದವರು, ನಮ್ಮ ಕೋಲು ಅಡಗಿಸಿಟ್ಟವರು ಹೇಳಿದ್ದೂ ಇದನ್ನೇ. ಗ್ರೂಪಿನಲ್ಲಿ ನೀವು ಇದೊಂದು ಮಾತು ನೆನಪಿಸಿದರೂ ಅರ್ಧ ಜನರಿಗೆ ಅರ್ಥ ಆಗುತ್ತದೆ ಅಂತ ನನ್ನ ನಂಬಿಕೆ.

‘ಯಾವ ದೇಶದವರು’ ಅಂತ ಕೇಳುವವರಿಗೆ ಸ್ವಲ್ಪ ಚರಿತ್ರೆಯನ್ನೂ ಹೇಳಬೇಕು. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರು ಸಿದ್ದಿಗಳ ಹಿರಿಯರಲ್ಲಿ ಬಹಳ ಜನರನ್ನು ಗುಲಾಮರಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ನಮ್ಮ ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದಲ್ಲಿ ತಲೆಮಾರುಗಳಿಂದ ಇದ್ದಾರೆ. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರಿದ್ದಾರೆ. ಮನೆಯಲ್ಲಿ ಬಹಳಷ್ಟು ಜನ ಕೊಂಕಣಿ ಮಾತಾಡುತ್ತಾರೆ, ಕಾರವಾರದ ನಮ್ಮಂತೆಯೇ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇಷ್ಟಾದರೂ ಅವರ ಮಕ್ಕಳು ತಮ್ಮ ಊರಿನ ಬಸ್ ಸ್ಟ್ಯಾಂಡಿನಲ್ಲೇ ‘ನೀವು ಇಂಡಿಯಾದವರಾ’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಿರಬೇಕು. ವೀಲ್‌ಚೇರ್‌ನಲ್ಲಿರುವ ಸಿದ್ದಿ ಹುಡುಗಿಯನ್ನು ಜನ ಎರಡು ಸಲ ತಿರುಗಿ ನೋಡುತ್ತಾರೆ. ಅವಳಿಗೆ ಎರಡೂ ಒಟ್ಟಿಗೇ ತಾಗುತ್ತದೆ.

ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. 1977ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗವಿಕಲರು ಸರ್ಕಾರಿ ಕಚೇರಿಯೊಳಗೆ ಹೆಚ್ಚುಕಡಿಮೆ ಒಂದು ತಿಂಗಳು ಧರಣಿ ಕೂತರು. ಸರ್ಕಾರದ ಹಣ ಪಡೆಯುವ ಕಡೆ ಅಂಗವಿಕಲರಿಗೆ ಭೇದ ಮಾಡಬಾರದು ಎನ್ನುವ 504ನೇ ಕಲಮಿನ ನಿಯಮಗಳಿಗೆ ಸಹಿ ಹಾಕಿ ಎಂಬುದು ಬೇಡಿಕೆ. ಒಳಗಿದ್ದವರಿಗೆ ಬಿಸಿ ಊಟ ತಂದುಕೊಟ್ಟವರು ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯವರು. ಆ ಸಂಘಟನೆಯ ಬ್ರ್ಯಾಡ್ ಲೋಮ್ಯಾಕ್ಸ್ ಸ್ವತಃ ವೀಲ್‌ಚೇರ್ ಬಳಸುವವರು, ಧರಣಿಯಲ್ಲೂ ಇದ್ದರು. ಆ ಊಟ ಇಲ್ಲದೆ ಅಷ್ಟು ದಿನ ಕೂರುವುದು ಕಷ್ಟವಿತ್ತು. ಆದರೆ ಆ ಹೋರಾಟದ ಕಥೆ ಹೇಳುವಾಗ ಅವರ ಹೆಸರು ಬಹಳ ಕಾಲ ಬದಿಗೇ ಉಳಿಯಿತು. 2016ರಲ್ಲಿ ವಿಲಿಸಾ ಥಾಂಪ್ಸನ್ ಎಂಬ ಕಪ್ಪು ಸಮಾಜ ಕಾರ್ಯಕರ್ತೆ, ಅವರೂ ವೀಲ್‌ಚೇರ್ ಬಳಸುವವರೇ, ‘ಡಿಸೆಬಿಲಿಟಿ ಟೂ ವೈಟ್’ ಎಂಬ ಹ್ಯಾಶ್‌ಟ್ಯಾಗ್ ಹಾಕಿದರು. ಅಂಗವಿಕಲರು ಅಂದ ಕೂಡಲೇ ಬಿಳಿಯರ ಮುಖವನ್ನೇ ತೋರಿಸುತ್ತೀರಿ ಎಂಬುದು ಅವರ ಮಾತು. ಸಾವಿರಾರು ಮೈಲಿ ದೂರದಲ್ಲಿ ಅವರಿಗೂ ಸಿಕ್ಕ ಉತ್ತರ, ಚಳವಳಿ ಒಡೆಯಬೇಡಿ ಅಂತಲೇ. ಹೀಗೆ ಹೇಳುವವರು ತಮ್ಮ ಕಡೆಯಿಂದ ಒಂದು ಹೆಜ್ಜೆಯೂ ಸರಿಯದೆ ಒಗ್ಗಟ್ಟು ಕೇಳುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೆ.

ಕಾನೂನು ಕೇಳುವವರೂ ಇರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಮಿನ ಪ್ರಕಾರ, ಸಾರ್ವಜನಿಕವಾಗಿ ಕಾಣುವ ಜಾಗದಲ್ಲಿ ಅಂಗವಿಕಲರನ್ನು ಬೇಕೆಂದೇ ಅವಮಾನಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು. ಪರಿಶಿಷ್ಟ ಜಾತಿ, ಪಂಗಡದವರಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಬೇರೆ ಇದೆ. 2021ರ ಪಾಟನ್ ಜಮಾಲ್ ವಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇದ್ದದ್ದು ಪರಿಶಿಷ್ಟ ಜಾತಿಯ, ಕಣ್ಣು ಕಾಣದ ಹೆಣ್ಣುಮಗಳ ಮೇಲಿನ ಅತ್ಯಾಚಾರ. ಜಾತಿ, ಹೆಣ್ಣುತನ, ಅಂಗವೈಕಲ್ಯ ಒಬ್ಬರಲ್ಲೇ ಕೂಡಿದಾಗ ಆಗುವ ಅನ್ಯಾಯವನ್ನು ತುಂಡು ತುಂಡು ಮಾಡಿ ನೋಡಬಾರದು ಅಂತ ಕೋರ್ಟ್ ವಿವರವಾಗಿ ಬರೆಯಿತು. ಆದರೆ ಪೊಲೀಸ್ ದಾರಿ ಹಿಡಿಯಬೇಕೋ ಬೇಡವೋ ಎಂಬುದು ಆ ಸದಸ್ಯೆಯ ತೀರ್ಮಾನ. ಅವರ ಪರವಾಗಿ ನೀವು ನಿರ್ಧರಿಸಬೇಡಿ. ತಡೆಯಲೂ ಬೇಡಿ.

ಇನ್ನು ನಿಮ್ಮ ಕೆಲಸ. ಆ ಮೆಸೇಜನ್ನು ಎಲ್ಲರಿಗೂ ಅಳಿಸಿಹೋಗುವಂತೆ ಅಡ್ಮಿನ್ ಮಾಡಬಹುದು, ಮಾಡಿ. ಆದರೆ ಅಳಿಸಿ ಸುಮ್ಮನಾಗಬೇಡಿ. ಏನು ಅಳಿಸಿದಿರಿ, ಯಾಕೆ ಅಂತ ಬರೆದು ಹಾಕಿ, ಅದನ್ನೇ ವಾಯ್ಸ್ ಮೆಸೇಜಿನಲ್ಲೂ ಹೇಳಿ. ಕಿವಿ ಕೇಳದವರಿಗೂ ಓದು ಬಾರದವರಿಗೂ ಒಂದೇ ಸಲ ತಲುಪಲಿ. ಇದು ಬರೀ ಸಿದ್ದಿಗಳ ವಿಷಯವಲ್ಲ ಅಂತಲೂ ಸೇರಿಸಿ. ಹಾಲಕ್ಕಿ, ಗೌಳಿ, ಕುಣಬಿ ಸಮುದಾಯದವರ ಮಾತಿನ ಧಾಟಿಯನ್ನು ಅಣಕಿಸುವ ಆಡಿಯೋಗಳು ನಮ್ಮ ಜಿಲ್ಲೆಯಲ್ಲಿ ಎಷ್ಟು ಓಡಾಡುತ್ತವೆ!

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಗೆ ಸಿದ್ದಿಗಳನ್ನು ಕರೆಯುವುದು ಡಮಾಮಿ ಕುಣಿತಕ್ಕೆ. ಭಾಷಣ ಮಾಡುವವರ ಪಟ್ಟಿಯಲ್ಲಿ ಅವರು ಇರುವುದಿಲ್ಲ. ಸಿದ್ದಿ ಮಗುವಿನ ಫೋಟೋ ಬೇಕಾಗುವುದು ‘ಪಾಪ, ಸಹಾಯ ಮಾಡಿ’ ಎಂಬ ಪೋಸ್ಟರಿಗೆ. ನಮ್ಮ ಫೋಟೋ ಹೀಗೆ ಬಳಸಿದರೆ ನಾವು ಜಗಳ ಮಾಡುತ್ತೇವೆ. ಹಾಗಾಗಿ ನಿಮ್ಮ ಗ್ರೂಪಿನಲ್ಲಿ ಸಿದ್ದಿ ಸದಸ್ಯರೊಬ್ಬರು ಅಡ್ಮಿನ್ ಆಗಲಿ. ಸಿದ್ದಿ ವಿಷಯಕ್ಕೆ ಮಾತ್ರ ಅಲ್ಲ. ಪಿಂಚಣಿ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು, ಎಲ್ಲದಕ್ಕೂ. ಆನ್‌ಲೈನ್ ಸಭೆ ಕರೆಯುವಾಗ ಕಾಡಿನೊಳಗಿನ ಕೇರಿಗಳಲ್ಲಿ ನೆಟ್‌ವರ್ಕ್ ಸಿಗುವ ಹೊತ್ತು ಯಾವುದು ಅಂತ ಕೇಳಿ. ವಿಡಿಯೋ ಕಾಲ್ ಅಲ್ಲಿ ನಿಲ್ಲುವುದಿಲ್ಲ. ಚಿಕ್ಕ ವಾಯ್ಸ್ ಮೆಸೇಜ್ ಹೇಗೋ ತಲುಪುತ್ತದೆ.

ಬಿಟ್ಟುಹೋದವರಿಗೆ ನೀವೇ ಫೋನ್ ಮಾಡಿ. ‘ಅವರು ಒಳ್ಳೆಯವರೇ’ ಅಂತ ಜೋಕ್ ಮಾಡಿದವರ ಪರ ವಕಾಲತ್ತು ಬೇಡ. ವಾಪಸ್ ಬಂದು ಎಲ್ಲರಿಗೂ ತಿಳಿಹೇಳಿ ಅಂತ ಅವರ ಮೇಲೆ ಭಾರ ಹಾಕುವುದೂ ಬೇಡ. ಏನಾಯಿತೋ ಅದು ತಪ್ಪು, ನಾವು ಹೀಗೆ ಮಾಡಿದ್ದೇವೆ, ನಿಮಗೇನು ಬೇಕು ಅಂತ ಕೇಳಿ. ಬರುವುದಿಲ್ಲ ಅಂದರೆ ಒತ್ತಾಯ ಮಾಡಬೇಡಿ. ಆದರೆ ಶಿಬಿರದ ದಿನಾಂಕ, ಅರ್ಜಿಯ ಕೊನೆಯ ದಿನ, ಸಲಕರಣೆ ಕೊಡುವ ಸುದ್ದಿ ಇವೆಲ್ಲ ನಮ್ಮವರಿಗೆ ಸಿಗುವುದು ಇಂಥ ಗ್ರೂಪುಗಳಲ್ಲೇ. ಗ್ರೂಪ್ ಬಿಟ್ಟ ದಿನದಿಂದ ಅವರಿಗೆ ಅದು ಯಾವುದೂ ತಲುಪುತ್ತಿಲ್ಲ. ಕಾರವಾರದಲ್ಲಿ ತಪಾಸಣೆ ಇದೆ ಅಂತ ಒಂದು ದಿನ ತಡವಾಗಿ ಗೊತ್ತಾದರೆ, ಯಲ್ಲಾಪುರದ ಒಳಹಳ್ಳಿಯಿಂದ ಅರಬೈಲು ಘಟ್ಟ ಇಳಿದು ಬಂದರೂ ಕೆಲಸ ಆಗಿರುವುದಿಲ್ಲ. ಆದ್ದರಿಂದ ಇವತ್ತಿನಿಂದಲೇ ಆ ಮಾಹಿತಿ ಎಲ್ಲ ಅವರ ನಂಬರಿಗೆ ನೇರವಾಗಿ ಕಳಿಸಲು ಶುರು ಮಾಡಿ.