ಫಿಟ್ಸ್ ನಿಂತಿತು, ಮಗ ಶಾಲೆಗೆ ಹೋಗಲೊಲ್ಲ

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದಲ್ಲಿ ಆರನೆಯ ತರಗತಿ ಓದುತ್ತಿದ್ದಾನೆ. ಎರಡು ವರ್ಷಗಳಿಂದ ಅಪಸ್ಮಾರಕ್ಕೆ ಮಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಕಳೆದ ಜೂನ್‌ನಲ್ಲಿ ತರಗತಿಯಲ್ಲೇ ಫಿಟ್ಸ್ ಬಂದು, ಚಡ್ಡಿ ಒದ್ದೆಯಾಯಿತು. ಆಮೇಲೆ ವೈದ್ಯರು ಲೆವೆಟಿರಾಸಿಟಮ್ ಗುಳಿಗೆ ಸೇರಿಸಿದರು. ಫಿಟ್ಸ್ ಮತ್ತೆ ಬಂದಿಲ್ಲ. ಆದರೆ ಈಗ ಪ್ರತಿದಿನ ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಾನೆ. ಹೊರಟರೂ ಚೀಲದ ತಳದಲ್ಲಿ ಮಡಚಿಟ್ಟ ಇನ್ನೊಂದು ಚಡ್ಡಿ ಇದೆಯೇ ಎಂದು ಮೂರು ನಾಲ್ಕು ಬಾರಿ ಮುಟ್ಟಿ ನೋಡುತ್ತಾನೆ. ಸಣ್ಣ ಮಾತಿಗೆ ಸಿಟ್ಟಾಗಿ ತಂಗಿಗೆ ಹೊಡೆಯುತ್ತಾನೆ. ಶಾಲೆಯ ಕೌನ್ಸೆಲರ್ ಮಲಯಾಳದಲ್ಲಿ ಕೇಳಿದ್ದಕ್ಕೆ ತಲೆತಗ್ಗಿಸಿ ಕುಳಿತನಂತೆ. ಜೋಯಿಸರಲ್ಲಿ ಪ್ರಶ್ನೆ ಇಡಿಸೋಣ ಎನ್ನುತ್ತಾರೆ ಅತ್ತೆ. ಇದು ಹಟವೇ, ಕಾಯಿಲೆಯೇ?
— ಓರ್ವ ತಾಯಿ, ಕಾಸರಗೋಡು ಜಿಲ್ಲೆ

ಉತ್ತರ: ಇದು ಹಟವಲ್ಲ. ನೀವು ಬರೆದ ಆ ಮಡಚಿಟ್ಟ ಚಡ್ಡಿಯೇ ನಿಮ್ಮ ಮಗನ ಮನಸ್ಸಿನ ಸ್ಥಿತಿಯನ್ನು ಹೇಳುತ್ತಿದೆ. ಎಲ್ಲರೆದುರು ಮತ್ತೆ ಹಾಗಾದರೆ ಎಂಬ ಭಯವನ್ನು ಅವನು ದಿನವೂ ಚೀಲದಲ್ಲಿ ಹೊತ್ತುಕೊಂಡು ಹೋಗುತ್ತಿದ್ದಾನೆ. ಬೆಳಗಿನ ಹೊಟ್ಟೆನೋವು ಸುಳ್ಳು ಎಂದೂ ತಿಳಿಯಬೇಡಿ. ಆತಂಕಗೊಂಡ ಮಕ್ಕಳಿಗೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ.

ಅಪಸ್ಮಾರವಿರುವ ಮಕ್ಕಳಲ್ಲಿ ಆತಂಕ, ಖಿನ್ನತೆ, ಏಕಾಗ್ರತೆಯ ಕೊರತೆ ಇತರ ಮಕ್ಕಳಿಗಿಂತ ಬಹಳ ಹೆಚ್ಚು. ಫಿಟ್ಸ್ ಹುಟ್ಟುವ ಮೆದುಳಿನ ಜಾಲಗಳೂ ಭಾವನೆಗಳನ್ನು ನಿಭಾಯಿಸುವ ಜಾಲಗಳೂ ಒಂದಕ್ಕೊಂದು ಹೆಣೆದುಕೊಂಡಿರುವುದು ಇದಕ್ಕೆ ಒಂದು ಕಾರಣವಾದರೆ, ಸುತ್ತಲಿನವರ ನೋಟ, ಪಿಸುಮಾತು, ಆಟಕ್ಕೆ ಸೇರಿಸದಿರುವುದು ಇನ್ನೊಂದು. ನಿಮ್ಮ ಮಗನ ವಿಷಯದಲ್ಲಿ ಔಷಧವನ್ನೂ ಗಮನಿಸಬೇಕಾಗಿದೆ. ಲೆವೆಟಿರಾಸಿಟಮ್ ಒಳ್ಳೆಯ ಔಷಧವೇ ಹೌದು, ಆದರೆ ಕೆಲವು ಮಕ್ಕಳಲ್ಲಿ ಅದು ಸಿಡುಕು, ಕೋಪ, ಅಳುಬುರುಕುತನವನ್ನು ತರುತ್ತದೆ. ಸಿಟ್ಟು ಗುಳಿಗೆ ಆರಂಭಿಸುವ ಮೊದಲು ಇತ್ತೇ, ಆಮೇಲೆ ಬಂತೇ ಎಂಬುದನ್ನು ದಿನಾಂಕ ಸಹಿತ ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೆ ತೋರಿಸಿ. ಪ್ರಮಾಣವನ್ನು ಇಳಿಸಬಹುದು ಅಥವಾ ಬೇರೆ ಔಷಧಕ್ಕೆ ನಿಧಾನವಾಗಿ ಬದಲಿಸಬಹುದು. ನೀವಾಗಿ ಮಾತ್ರ ಒಂದು ದಿನವೂ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಬಿಡದೆ ಬರುವ, ಪ್ರಾಣಕ್ಕೇ ಅಪಾಯವಾಗುವ ಫಿಟ್ಸ್ ಆಗಬಹುದು.

ಫಿಟ್ಸ್ ಇಲ್ಲ ಎಂದಾಕ್ಷಣ ಚಿಕಿತ್ಸೆ ಮುಗಿಯಿತೆಂದು ತಿಳಿಯುವುದು ನಮ್ಮ ವೈದ್ಯಕೀಯದ ದೊಡ್ಡ ಕೊರತೆಯೆಂದು ನಾನು ದೃಢವಾಗಿ ನಂಬಿದ್ದೇನೆ. ‘ಎಷ್ಟು ಸಲ ಬಂತು?’ ಎಂದು ಕೇಳುವ ನಾವು ‘ನಿದ್ದೆ ಹೇಗಿದೆ, ಗೆಳೆಯರು ಯಾರು, ಯಾವುದಕ್ಕೆ ಹೆದರಿಕೆ?’ ಎಂದೂ ಪ್ರತಿ ಭೇಟಿಯಲ್ಲಿ ಕೇಳಬೇಕು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ ಮತ್ತು ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 3ರಿಂದ 18 ವರ್ಷದೊಳಗಿನ 334 ಮಕ್ಕಳಲ್ಲಿ ನಡೆಸಿ, 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ನನಗೆ ಬಹಳ ಭರವಸೆ ಕೊಟ್ಟಿದೆ. ಅಲ್ಲಿ ಆಪ್ತಸಲಹೆ ನೀಡಿದವರು ಮನೋವೈದ್ಯರಲ್ಲ, ಅಪಸ್ಮಾರ ವಿಭಾಗದಲ್ಲೇ ಕೆಲಸ ಮಾಡುವ, ಅದಕ್ಕಾಗಿ ತರಬೇತಿ ಪಡೆದ ಸಿಬ್ಬಂದಿ. ಅದೂ ಫೋನ್ ಮತ್ತು ವಿಡಿಯೋ ಕರೆಯ ಮೂಲಕ. ಎಂದಿನ ಚಿಕಿತ್ಸೆಯಷ್ಟೇ ಪಡೆದವರಿಗಿಂತ ಈ ಮಕ್ಕಳ ಮನಸ್ಸು ಹೆಚ್ಚು ಸುಧಾರಿಸಿತು.

ಇದನ್ನು ನಮ್ಮ ನೆಲಕ್ಕೆ ಹೊಂದಿಸಿ ನೋಡಿ. ಬದಿಯಡ್ಕದಿಂದ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ವಾರವಾರವೂ ಬಸ್ಸಿನಲ್ಲಿ ಹೋಗಿಬರಲು ಕೂಲಿಕೆಲಸ ಬಿಡಬೇಕಾದ ಮನೆಗಳೇ ಇಲ್ಲಿ ಹೆಚ್ಚು. 2020ರ ಲಾಕ್‌ಡೌನಿನಲ್ಲಿ ಆ ಗಡಿ ಮುಚ್ಚಿದಾಗ ನಾವು ಪಟ್ಟ ಪಾಡು ಯಾರೂ ಮರೆತಿಲ್ಲ. ಕನ್ನಡ ಬಲ್ಲ ಒಬ್ಬ ನರ್ಸಿಗೆ ತರಬೇತಿ ಕೊಟ್ಟರೆ ಫೋನಿನಲ್ಲೇ ನಿಮ್ಮ ಮಗನ ಜೊತೆ ಮಾತನಾಡಬಹುದು. ಎಂಡೋಸಲ್ಫಾನ್ ಕೀಟನಾಶಕದ ದುರಂತದಿಂದಾಗಿ ಮಕ್ಕಳ ನರರೋಗವನ್ನು ಇಷ್ಟು ಹತ್ತಿರದಿಂದ ಕಂಡ ಈ ಜಿಲ್ಲೆಗೆ ಅಂಥ ವ್ಯವಸ್ಥೆ ಮೊದಲು ಬರಬೇಕಿತ್ತು.

ಭಾಷೆಯ ಮಾತು ಸಣ್ಣದಲ್ಲ. ಮಲಯಾಳದಲ್ಲಿ ಪೇಟೆಯ ವ್ಯವಹಾರ ಮಾಡಬಲ್ಲ ಮಗುವೂ ನಾಚಿಕೆಯನ್ನು ಮನೆಮಾತಿನಲ್ಲಿ, ಇಲ್ಲವೇ ಶಾಲೆಯ ಕನ್ನಡದಲ್ಲಿ ಮಾತ್ರ ಹೇಳಬಲ್ಲದು. ಕನ್ನಡ ಬಲ್ಲ ಕೌನ್ಸೆಲರ್ ಬೇಕೆಂದು ಮುಖ್ಯೋಪಾಧ್ಯಾಯರ ಮೂಲಕ ಲಿಖಿತವಾಗಿ ಕೇಳಿ. ಅದುವರೆಗೆ ಅವನಿಗೆ ಇಷ್ಟವಾದ ಕನ್ನಡ ಅಧ್ಯಾಪಕರೊಬ್ಬರು ಜೊತೆಗೆ ಕೂರಲಿ. ಕೇಂದ್ರ ಸರಕಾರದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ಉಚಿತ, ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ‘ನಾನು ಇರುವುದೇ ಬೇಡ’ ಎಂಬಂಥ ಮಾತು ಮಗನಿಂದ ಬಂದರೆ ಮಾತ್ರ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ, ಅದೇ ದಿನ ವೈದ್ಯರನ್ನು ಕಾಣಿ.

ಅತ್ತೆಯವರು ದೇವರಿಗೆ ಹರಕೆ ಹೇಳಿಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಹುಡುಗನ ಕಿವಿಗೆ ‘ಉಪದ್ರ’, ‘ದೋಷ’ ಎಂಬ ಶಬ್ದಗಳು ಬೀಳದಿರಲಿ. ತನ್ನೊಳಗೆ ಏನೋ ಕೆಟ್ಟದ್ದು ಹೊಕ್ಕಿದೆ ಎಂದು ನಂಬಿದ ಮಗುವನ್ನು ಆ ನಂಬಿಕೆಯಿಂದ ಹೊರತರುವುದು ಫಿಟ್ಸ್ ನಿಲ್ಲಿಸುವುದಕ್ಕಿಂತ ಕಷ್ಟ. ಶಾಲೆಗೆ ಮೊದಲ ವಾರ ಎರಡು ಪೀರಿಯಡ್, ಆಮೇಲೆ ಅರ್ಧ ದಿನ, ಹೀಗೆ ಮರಳಿಸಿ. ಚೀಲದ ಚಡ್ಡಿಯನ್ನು ತೆಗೆಸಬೇಡಿ. ಅದರ ಅಗತ್ಯವಿಲ್ಲ ಎಂದು ಅವನಿಗೇ ಅನ್ನಿಸಲಿ.

ಪ್ರಶ್ನೆ: ನನ್ನ ತರಗತಿಯಲ್ಲಿ ಅಪಸ್ಮಾರವಿರುವ ಹುಡುಗಿಯಿದ್ದಾಳೆ. ಇತರ ಮಕ್ಕಳಿಗೆ ಹೇಳಬೇಕೇ, ಮುಚ್ಚಿಡಬೇಕೇ?
— ಓರ್ವ ಅಧ್ಯಾಪಿಕೆ, ಮಂಜೇಶ್ವರ

ಉತ್ತರ: ಹೆತ್ತವರನ್ನೂ ಆ ಹುಡುಗಿಯನ್ನೂ ಮೊದಲು ಕೇಳಿ; ಅವಳು ಒಪ್ಪಿದರೆ, ಅವಳು ಬಯಸಿದಷ್ಟನ್ನು ಮಾತ್ರ ಹೇಳಿ. ಇದು ಅಂಟುವುದಿಲ್ಲ ಎಂಬುದನ್ನು ಮಕ್ಕಳು ನಿಮ್ಮ ಬಾಯಿಂದಲೇ ಕೇಳಬೇಕು. ಫಿಟ್ಸ್ ಬಂದರೆ ಕೈಗೆ ಕೀಲಿಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು ಯಾವುದೂ ಬೇಡ. ತಲೆಯಡಿಗೆ ಮೆತ್ತನೆಯದೇನಾದರೂ ಇಟ್ಟು, ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಆಟದಿಂದ ಅವಳನ್ನು ಹೊರಗಿಡಬೇಡಿ. ಕೆರೆಯಲ್ಲಿ ಈಜುವಾಗ, ಎತ್ತರಕ್ಕೆ ಹತ್ತುವಾಗ ಹಿರಿಯರೊಬ್ಬರು ಹತ್ತಿರವಿದ್ದರೆ ಸಾಕು. ಮತ್ತೆ ಎಚ್ಚರವಾದಾಗ ಅವಳು ಮೊದಲು ಕಾಣುವುದು ಸುತ್ತ ನಿಂತ ನಲವತ್ತು ಮುಖಗಳಾಗಬಾರದು. ಉಳಿದವರನ್ನು ಅಂಗಳಕ್ಕೆ ಕಳುಹಿಸಿ, ಅವಳಿಗೆ ಇಷ್ಟವಾದ ಒಬ್ಬ ಗೆಳತಿಯನ್ನು ಮಾತ್ರ ಪಕ್ಕದಲ್ಲಿ ಕೂರಿಸಿ.