ಗೊಂಬೆ ಕೊಡಿ ಟೀಚರೇ, ಕತ್ತರಿ ಕೊಡಬೇಡಿ

ಸಂಪಾದಕರ ಉತ್ತರ

ಉಡುಪಿ ಆಸುಪಾಸಿನ ನಿವೃತ್ತ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ ಇದು: ‘34 ವರ್ಷಗಳಿಂದ ಗೊಂಬೆ ಕೂಡಿಸಿದ್ದೇನೆ. ಈಗ 212 ಇವೆ. ಜೊತೆಗೆ ನಮ್ಮ ತವರು ಮನೆಯನ್ನು ಸಣ್ಣದಾಗಿ ಕೈಯಾರೆ ಮಾಡಿಟ್ಟಿದ್ದೇನೆ. ಬರುವ ತಿಂಗಳು ಮಂಗಳೂರಿಗೆ, ಮಗನ ಫ್ಲಾಟಿಗೆ ಹೋಗುವುದು ಅಂತ ಆಗಿದೆ. ಅಲ್ಲಿ ನನಗೆ ಒಂದು ರೂಮು, ಒಂದು ಕಪಾಟು. ಮಾರಿದರೆ ಲಕ್ಷಗಟ್ಟಲೆ ಬರಬಹುದು ಅಂತ ಮಗ ಹೇಳುತ್ತಾನೆ. ಸೊಸೆ ಏನೂ ಹೇಳುವುದಿಲ್ಲ, ಅದೇ ಜಾಸ್ತಿ ಕಷ್ಟ. ಗೊಂಬೆ, ಮನೆ, ಕೆಲಸದ ಪೆಟ್ಟಿಗೆ ಎಲ್ಲ ಸೇರಿಸಿ ಯಾರಿಗಾದರೂ ಒಟ್ಟಿಗೆ ಕೊಟ್ಟುಬಿಡೋಣ ಅಂತಿದ್ದೇನೆ. ಯಾರಿಗೆ ಕೊಡಲಿ? ಕೊಡುವುದು ತಪ್ಪಾ? ದಯವಿಟ್ಟು ಹೆಸರು ಹಾಕಬೇಡಿ.’

ಟೀಚರೇ, ನಮಸ್ಕಾರ.

ಹೆಸರು ಹಾಕಿಲ್ಲ. ಊರಿನವರಿಗೆ ಗೊತ್ತಾದರೆ ನನ್ನನ್ನು ಬಯ್ಯಬೇಡಿ, 212 ಗೊಂಬೆ ಇಟ್ಟುಕೊಂಡವರು ಊರಿಗೆ ಎಷ್ಟು ಜನ ಇರುತ್ತಾರೆ ಹೇಳಿ.

ಸಾಮಾನ್ಯವಾಗಿ ನಾನು ಪತ್ರಗಳಿಗೆ ಕೂತಲ್ಲೇ ಉತ್ತರ ಬರೆಯುವವ. ಇದಕ್ಕೆ ಆಗಲಿಲ್ಲ. ಅಂಚಿನಲ್ಲಿ ಸಣ್ಣಕ್ಕೆ ‘ಕಡೆಯುವ ಕಲ್ಲು (ರುಬ್ಬುವ ಕಲ್ಲು) ಕೂಡ ಮಾಡಿದ್ದೇನೆ’ ಅಂತ ಬರೆದಿದ್ದಿರಲ್ಲ, ಅದು ತಲೆಯಲ್ಲೇ ಉಳಿಯಿತು. ಭಾನುವಾರ ಫೋನ್ ಮಾಡಿ ಬಂದೇಬಿಟ್ಟೆ. ಓದುಗರಿಗೂ ಗೊತ್ತಾಗಲಿ ಅಂತ ನಾನು ನೋಡಿದ್ದನ್ನು ಮೊದಲು ಹೇಳುತ್ತೇನೆ.

ಶೋಕೇಸ್ ಚೆನ್ನಾಗಿದೆ. ಚನ್ನಪಟ್ಟಣ, ಕಿನ್ನಾಳ, ಕೊಂಡಪಲ್ಲಿ, ತಂಜಾವೂರಿನ ತಲೆಯಾಡಿಸುವ ಜೋಡಿ, ಒಂದರೊಳಗೊಂದು ಕೂರುವ ರಷ್ಯಾದ ಗೊಂಬೆ, ಸೀರೆ ಉಟ್ಟ ಬಾರ್ಬಿ. ನೋಡಿದೆ, ಹೊಗಳಿದೆ, ಮುಂದೆ ಹೋದೆ. ಪಕ್ಕದ ಮೇಜಿನ ಮೇಲಿದ್ದ ಮನೆಯ ಎದುರು ಮಾತ್ರ ಮುಕ್ಕಾಲು ಗಂಟೆ ಕೂತೆ. ನೀವು ಎರಡು ಸಲ ಚಾ ತಂದಿರಿ, ಎರಡೂ ಆರಿತು.

ಹೈವೇ ಅಗಲ ಆಗುವಾಗ ಹೋದ ತವರು ಮನೆ ಅದು. ಒಂದಡಿಗೆ ಒಂದಿಂಚು ಲೆಕ್ಕ. ಚಾವಡಿ, ಜಗಲಿ, ಅಂಗಳದಲ್ಲಿ ತುಳಸಿಕಟ್ಟೆ, ಬಚ್ಚಲಲ್ಲಿ ಹಂಡೆ. ಮಾಡಿನಿಂದ ಒಂದು ಹೆಂಚು ತೆಗೆದು ನನ್ನ ಅಂಗೈಯಲ್ಲಿಟ್ಟಿರಿ. ನಿಜವಾದ ಮಂಗಳೂರು ಹೆಂಚು ಹದಿನಾರು ಇಂಚಿನಷ್ಟು ಉದ್ದ, ನಿಮ್ಮದು ಒಂದೂ ಕಾಲು ಇಂಚಿಗೆ ಸ್ವಲ್ಪ ಮೇಲೆ. ಅದರಲ್ಲೂ ನೀರು ಹರಿಯುವ ಗೆರೆ ಇದೆ, ಅಡಿಯಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಹಲ್ಲು ಇದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಊರಿನ ಮಾಡುಗಳೆಲ್ಲ ಕೆಂಪಾದವು. ಅವರಿಗೆ ಒತ್ತುವ ಯಂತ್ರ ಇತ್ತು. ನಿಮಗೆ ಹೆಬ್ಬೆರಳು. ಎಷ್ಟು ಹೆಂಚು ಅಂತ ಕೇಳಿದ್ದಕ್ಕೆ, ‘640. ಸುಡುವಾಗ ಒಡೆದದ್ದು ಬೇರೆ’ ಅಂದಿರಿ, ಹಾಜರಿ ಹೇಳಿದ ಹಾಗೆ.

ಆಮೇಲೆ ಬಚ್ಚಲಿನ ಹಿಂದೆ, ಹಗ್ಗದ ಮೇಲೆ ಒಣಗಲು ಹಾಕಿದ ಸೀರೆ. ಸಣ್ಣ ವಸ್ತು ಮಾಡುವವರಿಗೆಲ್ಲ ಬಟ್ಟೆಯೇ ತಲೆನೋವು. ಮರವನ್ನು ಎಷ್ಟು ಸಪೂರಕ್ಕೂ ಕೊಯ್ಯಬಹುದು. ನೂಲಿನ ದಪ್ಪ ಕಡಿಮೆ ಆಗುವುದಿಲ್ಲ. ಹತ್ತಿ ಸೀರೆಯನ್ನು ಹನ್ನೆರಡನೇ ಒಂದು ಪಾಲಿಗೆ ಕತ್ತರಿಸಿದರೆ ಅದು ತಗಡಿನ ಹಾಗೆ ನಿಂತುಕೊಳ್ಳುತ್ತದೆ. ನೀವು ಯಜಮಾನರ ಹಳೆಯ ಪಂಚೆಯಲ್ಲಿ ಒಗೆದು ಒಗೆದು ಸವೆದ ಜಾಗವನ್ನೇ ಹುಡುಕಿ ಕತ್ತರಿಸಿ, ಗಂಜಿತಿಳಿಯಲ್ಲಿ ಅದ್ದಿ, ಸೂಜಿಯಲ್ಲಿ ನೆರಿಗೆ ಎಳೆದು, ಒಣಗುವವರೆಗೆ ಗುಂಡುಪಿನ್ನು ಚುಚ್ಚಿ ಇಟ್ಟದ್ದಂತೆ. ಈಗ ಆ ಸೀರೆಯ ಒಂದು ತುದಿ ಗಾಳಿಗೆ ಮಗುಚಿದ ಹಾಗಿದೆ. ನಾನು ಊದಿ ನೋಡಿದೆ. ಅಲುಗಲಿಲ್ಲ.

ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ ರಾಣಿ ಮೇರಿಗಾಗಿ ಮಾಡಿದ ಗೊಂಬೆಮನೆ ಇದೆ. ಅದೂ ನಿಮ್ಮದೇ ಅಳತೆ, ಅಡಿಗೆ ಇಂಚು. 1921ರಿಂದ 1924ರವರೆಗೆ ಮಾಡಿದ್ದು. ನಕ್ಷೆ ಹಾಕಿದವರು ಎಡ್ವಿನ್ ಲುಟ್ಯೆನ್ಸ್, ನಮ್ಮ ಹೊಸದಿಲ್ಲಿ ಕಟ್ಟಿಸಿದವರೇ. ಅದರ ನಲ್ಲಿಯಲ್ಲಿ ನೀರು ಬರುತ್ತಿತ್ತು, ಲಿಫ್ಟು ಓಡುತ್ತಿತ್ತು, ಸೀಸೆಗಳಲ್ಲಿ ನಿಜವಾದ ವೈನು. ದೊಡ್ಡ ದೊಡ್ಡ ಲೇಖಕರು ಅದರ ಲೈಬ್ರರಿಗೆಂದೇ ಬೆರಳುಗಾತ್ರದ ಪುಸ್ತಕ ಬರೆದುಕೊಟ್ಟರು. ಆದರೆ ಅದಕ್ಕೆ ಕೈಹಾಕಿದವರು ನೂರಾರು ಜನ. ನೀವು ಒಬ್ಬರೇ, ಅದೂ ಶಾಲೆ ಬಿಟ್ಟು ಬಂದ ಮೇಲೆ.

ಸರಿ, ಈಗ ನಿಮ್ಮ ಪ್ರಶ್ನೆ.

ಮಗ ಹೇಳಿದ ಲಕ್ಷದ ಮಾತು ಬಿಟ್ಟುಬಿಡಿ. 1959ರಲ್ಲಿ ಬಂದ ಮೊದಲ ಬಾರ್ಬಿ, ಅದೂ ಪೆಟ್ಟಿಗೆ ಸಮೇತ ಇದ್ದರೆ ಲೆಕ್ಕ ಬೇರೆ. ನಿಮ್ಮ ಮಗಳು ತಲೆ ಬಾಚಿ ಬಾಚಿ ಅರ್ಧ ಕೂದಲು ಕಿತ್ತ ಬಾರ್ಬಿಯನ್ನು ಲಕ್ಷ ಕೊಟ್ಟು ಯಾರೂ ಒಯ್ಯುವುದಿಲ್ಲ. ಗೊಂಬೆ ಕೊಳ್ಳುವವರ ಲೋಕದಲ್ಲಿ ಪೆಟ್ಟಿಗೆ ಒಡೆದ ಕೂಡಲೇ ಬೆಲೆ ಇಳಿಯುತ್ತದೆ. ಅಂದರೆ ಮಕ್ಕಳು ಆಡಿದ ಗೊಂಬೆಗೆ ಬೆಲೆ ಕಡಿಮೆ, ಯಾರೂ ಮುಟ್ಟದ್ದಕ್ಕೆ ಜಾಸ್ತಿ. ಮಗನಿಗೆ ಇಷ್ಟು ಹೇಳಿ, ಸಾಕು.

ತಪ್ಪಾ ಅಂತ ಕೇಳಿದ್ದೀರಿ. ನಮ್ಮ ಜಿಲ್ಲೆಯದ್ದೇ ಒಂದು ಸಂಗತಿ ಹೇಳುತ್ತೇನೆ. ಬಾರ್ಕೂರು ಕಡೆಯ ಮೆಕ್ಕೆಕಟ್ಟು ನಿಮಗೆ ಗೊತ್ತು, ಆಳೆತ್ತರದ ಬಣ್ಣದ ಮರದ ಮೂರ್ತಿಗಳು ಸಾಲಾಗಿ ನಿಂತಿರುವ ನಂದಿಕೇಶ್ವರನ ಸ್ಥಳ. ಅಲ್ಲಿದ್ದ ಹಳೆಯ ಮೂರ್ತಿಗಳಲ್ಲಿ ಹಲವು ಈಗ ದಿಲ್ಲಿಯ ಕರಕುಶಲ ವಸ್ತು ಸಂಗ್ರಹಾಲಯದಲ್ಲಿವೆ. ದೈವವನ್ನು ಗೊಂಬೆಗೆ ಹೋಲಿಸುತ್ತಿಲ್ಲ, ಅಷ್ಟು ಬುದ್ಧಿ ನನಗೂ ಇದೆ. ನಮ್ಮವರು ಹಳೆಯದನ್ನು ಹೋಗಲು ಬಿಟ್ಟವರೇ, ಅದಕ್ಕಾಗಿ ಭಕ್ತಿ ಕಡಿಮೆ ಆದದ್ದಿಲ್ಲ ಅಂತ ಮಾತ್ರ ಹೇಳಿದ್ದು. ಜಪಾನಿನವರು ಇದಕ್ಕೊಂದು ಪೂಜೆಯನ್ನೇ ಇಟ್ಟಿದ್ದಾರೆ. ಟೋಕಿಯೋದ ಉಎನೋದಲ್ಲಿರುವ ಕನ್ನೊನ್ ಗುಡಿಯಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 25ಕ್ಕೆ ಹಳೆಯ ಗೊಂಬೆಗಳನ್ನು ತಂದು ಒಪ್ಪಿಸಿ, ಮಂತ್ರ ಹೇಳಿಸಿ ಬೀಳ್ಕೊಡುತ್ತಾರೆ. ನಿಮ್ಮ ಕೈಕಾಲು ಮುರಿದ ಪ್ಲಾಸ್ಟಿಕ್ ಗೊಂಬೆಗಳನ್ನು ಹಾಗಂತ ಮಲ್ಪೆ ಕಡಲಿಗೆ ಬಿಡಬೇಡಿ. ಗುಜರಿಯವನಿಗೇ ಕೊಡಿ. ಬೇಕಾದರೆ ಕೊಡುವ ಮೊದಲು ಒಂದು ಹೂ ಇಡಿ, ಯಾರು ನೋಡುತ್ತಾರೆ?

ಆದರೆ ಒಟ್ಟಿಗೆ ಕೊಡುವುದು ಬೇಡ. 212 ಗೊಂಬೆ ಒಮ್ಮೆಲೇ ಬಂದರೆ ತೆಗೆದುಕೊಂಡವರು ಏನು ಮಾಡುತ್ತಾರೆ? ಅಟ್ಟಕ್ಕೆ ಹಾಕುತ್ತಾರೆ. ಇದು ನನ್ನ ಅನುಭವದ ಮಾತು.

ಸಣ್ಣವನಿದ್ದಾಗ ನಾನು ಬೆಂಕಿಪೊಟ್ಟಣದ ಚಿತ್ರ ಕೂಡಿಸುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ, ಬೀಡಿ ಅಂಗಡಿಯ ಎದುರು, ಎಲ್ಲಿ ಬಿದ್ದಿದ್ದರೂ ಹೆಕ್ಕುವುದು, ನೀರಲ್ಲಿ ನೆನೆಸಿ ಬಿಡಿಸುವುದು, ಪಟ್ಟಿ ಪುಸ್ತಕಕ್ಕೆ ಅಂಟಿಸುವುದು. ಪಕ್ಕದ ಮನೆಯ ಹುಡುಗನೊಬ್ಬ ಒಂದೇ ಒಂದು ಕೇಳಿದ. ಹುಲಿಯ ಚಿತ್ರದ್ದು. ನನ್ನಲ್ಲಿ ಅದು ಎರಡಿತ್ತು. ಆದರೂ ಕೊಡಲಿಲ್ಲ. ಕೆಲಸಕ್ಕೆ ಊರು ಬಿಡುವಾಗ ಪುಸ್ತಕಗಳನ್ನೆಲ್ಲ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಟ್ರಂಕಿಗೆ ಹಾಕಿ ಅಟ್ಟದಲ್ಲಿಟ್ಟೆ. ಎಂಟು ವರ್ಷ ಬಿಟ್ಟು ತೆಗೆದರೆ ಒಳಗೆ ಒರಲೆ ಕಟ್ಟಿದ ಮಣ್ಣು, ಅಷ್ಟೇ. ಆ ಹುಡುಗ ಈಗ ಅಜ್ಜ ಆಗಿದ್ದಾನೆ. ಮದುವೆ ಮನೆಯಲ್ಲಿ ಸಿಕ್ಕರೆ ಈಗಲೂ, ‘ಹುಲಿ ಎಲ್ಲಿದೆ ಮಾರಾಯ?’ ಅಂತ ಕೇಳುತ್ತಾನೆ.

ಹಾಗಾಗಿ ಕೇಳಿದವರಿಗೆ ಕೊಡಿ, ಕೇಳಿದಾಗಲೇ ಕೊಡಿ. ಹಳೆಯ ವಿದ್ಯಾರ್ಥಿಗಳಿಗೆ, ಅಕ್ಕಪಕ್ಕದ ಮಕ್ಕಳಿಗೆ ಬರಲು ಹೇಳಿ. ಒಬ್ಬರಿಗೆ ಒಂದೇ, ಅದನ್ನು ಅವರೇ ಆರಿಸಿಕೊಳ್ಳಲಿ. ಬೇರೆ ಬೇರೆ ದೇಶದ ಗೊಂಬೆಗಳನ್ನು ಮಾತ್ರ ಚದುರಿಸಬೇಡಿ, ಅವನ್ನು ನೀವು ಕಲಿಸಿದ ಶಾಲೆಯ ಸಮಾಜ ಪಾಠದ ಕೋಣೆಗೇ ಕೊಡಿ. ಅಂಗನವಾಡಿಗೆ ಅಂದಿರಿ. ಅಲ್ಲಿ ಜಾಗ್ರತೆ. ಹಳೆಯ ಆಟಿಕೆಗಳ ಬಣ್ಣದಲ್ಲಿ ಸೀಸ ಇರಬಹುದು, ಸಣ್ಣ ಮಕ್ಕಳು ಎಲ್ಲವನ್ನೂ ಬಾಯಿಗೆ ಹಾಕುತ್ತಾರೆ. ಮ್ಯೂಸಿಯಂಗೆ ಕೊಡುವ ಆಸೆ ಇದ್ದರೆ ಮೊದಲು ಪತ್ರ ಬರೆದು ಕೇಳಿ. ಕಾರಿನ ಡಿಕ್ಕಿ ತುಂಬಿಸಿಕೊಂಡು ಹೋಗಿ ಗೇಟಲ್ಲಿ ನಿಲ್ಲುವುದು ಬೇಡ. ದಿಲ್ಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರ ಗೊಂಬೆ ಸಂಗ್ರಹಾಲಯ ಇದೆಯಲ್ಲ, 1965ರದ್ದು, ಅದು ಶುರುವಾದದ್ದು ಒಂದೇ ಗೊಂಬೆಯಿಂದ. ಮಕ್ಕಳ ಸ್ಪರ್ಧೆಗೆ ಬಹುಮಾನ ಅಂತ ಹಂಗೆರಿಯ ರಾಯಭಾರಿ ಕೊಟ್ಟದ್ದು. ಮಕ್ಕಳಿಗೆ ಬಂದ ಗೊಂಬೆ ದೊಡ್ಡವರನ್ನು ಮರುಳು ಮಾಡಿತು.

ಪ್ರತಿಯೊಂದರ ಜೊತೆ ಒಂದು ಚೀಟಿ ಇರಲಿ. ನಿಮ್ಮ ಬರಹ ಮುತ್ತಿನ ಹಾಗಿದೆ, ನೀವೇ ಬರೆಯಿರಿ. ಎಲ್ಲಿಯದು, ಯಾವ ವರ್ಷ, ಯಾರು ಕೊಟ್ಟದ್ದು. ಆ ಜಪಾನಿ ಕೊಕೆಶಿ ಅನ್ನುವ ಮರದ ಗೊಂಬೆಗೆ ಹೇಗೆ ಬರೆಯಬಹುದು ಅಂದರೆ: ‘ಕೈಕಾಲು ಮುರಿದದ್ದಲ್ಲ, ಇದು ಇರುವುದೇ ಹೀಗೆ. ಗಣಿತದಲ್ಲಿ 35 ತೆಗೆದು ಅತ್ತ ಹುಡುಗಿ ಮುಂದೆ ಎಂಜಿನಿಯರ್ ಆಗಿ ಜಪಾನಿಗೆ ಹೋಗಿ ತಂದದ್ದು.’ ಇದನ್ನು ನೀವು ನನಗೆ ಹೇಳಿದಿರಿ. ಚೀಟಿ ಇಲ್ಲದಿದ್ದರೆ ಅದನ್ನು ನೋಡಿದ ಮಗು, ಕೈ ಅಂಟಿಸಲು ಫೆವಿಕಾಲ್ ಹುಡುಕುತ್ತದೆ.

ಒಂದು ಇಪ್ಪತ್ತು ಇಟ್ಟುಕೊಳ್ಳುತ್ತೀರಿ ಅಂದುಕೊಳ್ಳುತ್ತೇನೆ. ಫ್ಲಾಟು ಅಂದ ಕೂಡಲೇ ಮಳೆ ಬಿಡುವುದಿಲ್ಲ, ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಹತ್ತಿರ ಸುರಿಯುವಾಗ ಗೋಡೆಯೇ ಬೆವರುತ್ತದೆ. ನಿಮ್ಮ ಬಾರ್ಬಿಯ ಕಾಲು ಮುಟ್ಟಿದಾಗ ಅಂಟಂಟು ಇತ್ತು. ಅದು ಕೊಳೆ ಅಲ್ಲ. ಆ ಪ್ಲಾಸ್ಟಿಕ್ ಮೆತ್ತಗಿರಲು ಬೆರೆಸಿದ ಎಣ್ಣೆಯಂಥ ವಸ್ತು ವರ್ಷಗಳು ಕಳೆದ ಹಾಗೆ ಹೊರಗೆ ಬರುತ್ತದೆ. ಬಿಗಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಇನ್ನೂ ಹಾಳು. ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಂದಕ್ಕೊಂದು ತಾಗದ ಹಾಗೆ ಇಡಿ. ಅದರ ಕಿವಿಯೋಲೆ ತೆಗೆದುಬಿಡಿ, ಲೋಹ ತಾಗಿ ಕಿವಿಯ ಸುತ್ತ ಹಸಿರಾಗುತ್ತದೆ. ನುಸಿಗುಳಿಗೆ ಬೇಡವೇ ಬೇಡ, ಪ್ಲಾಸ್ಟಿಕ್ಕಿಗೆ ಆಗುವುದಿಲ್ಲ. ಚನ್ನಪಟ್ಟಣದ್ದು ಆಲೆ ಮರ (ನಮ್ಮಲ್ಲಿ ಆಟಿ ಅಮಾವಾಸ್ಯೆಗೆ ಕಷಾಯ ಕುಡಿಯುವ ಹಾಲೆ ಅಲ್ಲ, ಇದು ಬೇರೆ), ಮೇಲಿನ ಬಣ್ಣ ಅರಗಿನದ್ದು. ಸ್ಪಿರಿಟ್ಟಿಗೆ ಅರಗು ಕರಗುತ್ತದೆ, ಹಾಗಾಗಿ ಸ್ಯಾನಿಟೈಸರ್ ಹಾಕಿ ಒರೆಸಿದರೆ ಹೊಳಪು ಹೋಯಿತು ಅಂತಲೇ. ಕಿನ್ನಾಳದ್ದಕ್ಕೆ ಒದ್ದೆ ಬಟ್ಟೆ ತಾಗಿಸಬೇಡಿ. ಬೂಸ್ಟು ಬಂದರೆ ಹೊರಗೆ ಬಾಲ್ಕನಿಯಲ್ಲಿ ಒಣ ಬ್ರಶ್ಶಿನಲ್ಲಿ ತೆಗೆಯಿರಿ.

ಇನ್ನು ಮನೆ. ಮೂರಡಿಗೆ ಎರಡೂವರೆ ಅಡಿ, ಅಳತೆ ಹಿಡಿದು ನೋಡಿದ್ದೇನೆ. ಫ್ಲಾಟಿನಲ್ಲಿ ಅಷ್ಟು ಜಾಗ ಇಲ್ಲ ಅಂತ ಮಗ ಹೇಳಿದರೆ ಟಿ.ವಿ. ಎಷ್ಟಗಲ ಇದೆ ಅಂತ ಕೇಳಿ. ಬ್ಯಾಂಕಿನಲ್ಲಿದ್ದ ವಿಜಯನಾಥ ಶೆಣೈಯವರು, ಜನ ಕೆಡವಲು ಹೊರಟ ಮನೆಗಳನ್ನು ಕಂಬ ಕಂಬ ಬಿಚ್ಚಿ ತಂದು ಮಣಿಪಾಲದಲ್ಲಿ ಪುನಃ ನಿಲ್ಲಿಸಿದರು. ಅವರಿಗೆ ಎಕರೆಗಟ್ಟಲೆ ಜಾಗ ಬೇಕಾಯಿತು. ನೀವು ಅದೇ ಕೆಲಸವನ್ನು ಮೇಜಿನ ಮೇಲೆ ಮಾಡಿದ್ದೀರಿ. ಅದನ್ನು ಕೊಡಬೇಡಿ. ಸೊಸೆ ಸುಮ್ನೆ ಇರುವುದಕ್ಕೆ ನೀವು ಕೊಟ್ಟ ಅರ್ಥವೇ ಸರಿ ಅಂತ ನನಗೆ ಅನಿಸುವುದಿಲ್ಲ. ಅವರನ್ನು ಒಮ್ಮೆ ಆ ಮನೆಯ ಎದುರು ಕೂರಿಸಿ, ಹೆಂಚು ಕೈಗೆ ಕೊಡಿ.

ಅದಕ್ಕಿಂತ ಮುಖ್ಯ, ಆ ಕೆಲಸದ ಪೆಟ್ಟಿಗೆ. ಗೊಂಬೆ ಹೋಗುತ್ತದೆ ಅಂತ ಬರೆದಾಗ ನಿಮ್ಮ ಅಕ್ಷರ ನೆಟ್ಟಗಿತ್ತು. ‘ಕೆಲಸದ ಪೆಟ್ಟಿಗೆಯನ್ನೂ’ ಅಂತ ಬರೆದಲ್ಲಿ ಮಾತ್ರ ಎರಡು ಸಲ ಹೊಡೆದುಹಾಕಿ ಬರೆದಿದ್ದೀರಿ. ನೋಡಿದೆ ಅದನ್ನೂ. ಹಳೆಯ ಚಪ್ಪಲಿ ಪೆಟ್ಟಿಗೆ. ಒಳಗೆ ಚಿಮುಟ, ಉಗುರು ಕತ್ತರಿ, ಅರ್ಧ ಬ್ಲೇಡು, ಕೆಟ್ಟ ವಾಚಿನ ಚಕ್ರಗಳು, ಗೆರಟೆ ಚೂರು, ಅಡಿಕೆ ಹಾಳೆಯ ತುಂಡು, ಹಿಡಿಸೂಡಿಯ ಕಡ್ಡಿ. ಇದನ್ನು ತೆಗೆದುಕೊಂಡವರು ಏನು ಮಾಡುತ್ತಾರೆ ಟೀಚರೇ? ಅವರಿಗೆ ಅದು ಕಸ. ಮಂಗಳೂರಿಗೆ ಅದು ನಿಮ್ಮ ಮಡಿಲಲ್ಲೇ ಹೋಗಲಿ. ಡಿಸೆಂಬರ್ ಬಂದರೆ ಅಲ್ಲಿ ಕ್ರೈಸ್ತರ ಮನೆಗಳಲ್ಲಿ ಗೋದಲಿ ಕಟ್ಟುತ್ತಾರೆ, ಹುಲ್ಲಿನ ಕೊಟ್ಟಿಗೆ, ಕುರಿಮರಿ, ಡಬ್ಬಿಯಲ್ಲಿ ಮೊಳಕೆ ಬರಿಸಿದ ಪೈರು. ಫ್ಲಾಟಿನ ಮಕ್ಕಳು ಅಂಟು, ಕತ್ತರಿ ಹುಡುಕುತ್ತಾ ಓಡಾಡುತ್ತಿರುತ್ತಾರೆ. ನಿಮ್ಮ ಮನೆ ಬಾಗಿಲು ತೆರೆದಿದ್ದರೆ ಸಾಕು.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. ನಿಮ್ಮ ಕಡೆಯುವ ಕಲ್ಲನ್ನು ಕೈಗೆತ್ತಿ ನೋಡುವಾಗ ಅದರ ಗುಂಡುಕಲ್ಲು ಜಾರಿತು. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು, ಹೊಳೆಯ ಕಲ್ಲನ್ನು ನಾಲ್ಕು ಸಂಜೆ ಉಜ್ಜಿ ಉರುಟು ಮಾಡಿದ್ದಂತೆ. ನಾವಿಬ್ಬರೂ ನೆಲದ ಮೇಲೆ ಮೊಣಕಾಲೂರಿ ಟಾರ್ಚ್ ಹಿಡಿದು ಹುಡುಕಿದೆವು. ಸಿಗಲಿಲ್ಲ. ‘ಪರವಾಗಿಲ್ಲ’ ಅಂದಿರಿ. ನಿಮ್ಮ ಮುಖದಲ್ಲಿ ಪರವಾಗಿಲ್ಲ ಅಂತ ಇರಲಿಲ್ಲ. ಮನೆ ಖಾಲಿ ಮಾಡುವಾಗ ಹೇಗೂ ಸೋಫಾ ಎತ್ತುತ್ತಾರೆ, ಆಗ ನೋಡಿ. ಅಲ್ಲೂ ಇಲ್ಲದಿದ್ದರೆ ತಿಳಿಸಿ, ಸ್ವರ್ಣಾ ಹೊಳೆ ಬದಿಯಿಂದ ಒಂದು ಮುಷ್ಟಿ ಕಲ್ಲು ಹೆಕ್ಕಿ ತಂದುಕೊಡುತ್ತೇನೆ. ಉಜ್ಜುವುದು ನನ್ನಿಂದ ಆಗುವ ಕೆಲಸ ಅಲ್ಲ, ಅದು ನೀವೇ.

- ಸಂಪಾದಕ