ಕನ್ನಡದ ಆಡಿಯೋ ಪುಸ್ತಕ ಅರ್ಧಕ್ಕೇ ಬಿಡುವಂತಾಗುವುದು ಯಾಕೆ? ಯಾವುದರಿಂದ ಶುರು ಮಾಡಲಿ?

ನೀವು ಕೇಳಿರುವುದರಲ್ಲಿ ಮುಖ್ಯವಾಗಿ ಎರಡು ಪ್ರಶ್ನೆಗಳಿವೆ. ಕನ್ನಡದ ಒಂದೆರಡು ಆಡಿಯೋ ಪುಸ್ತಕ ಹಚ್ಚಿ ಹತ್ತು ನಿಮಿಷಕ್ಕೇ ಬಿಟ್ಟಿರಿ, ಕೇಳುವ ಅಭ್ಯಾಸ ನಿಮಗೆ ಒಗ್ಗುವುದಿಲ್ಲವೋ ಅಥವಾ ಓದಿದ ರೀತಿಯೇ ಸರಿಯಿರಲಿಲ್ಲವೋ ಎಂಬುದು ಒಂದು. ಒಬ್ಬರೇ ಓದಿದ್ದು ಮೇಲೋ, ನಾಟಕದ ಹಾಗೆ ಹಲವರು ಸೇರಿ ಓದಿದ್ದು ಮೇಲೋ ಎಂಬುದು ಇನ್ನೊಂದು. ಜೊತೆಗೆ ಯಾವುದರಿಂದ ಶುರು ಮಾಡಬೇಕು, ಕಂಪ್ಯೂಟರ್ ಓದುವ ದನಿ ಆದೀತೇ ಎಂದೂ ಕೇಳಿದ್ದೀರಿ. ನಾನು ದಿನಾ ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋದಲ್ಲಿ ಓಡಾಡುವವಳು. ಹೋಗುತ್ತಾ ಒಂದು ಗಂಟೆಗೂ ಮೇಲೆ, ಬರುತ್ತಾ ಅಷ್ಟೇ ಹೊತ್ತು. ಆ ಹೊತ್ತೆಲ್ಲ ಕಿವಿಯಲ್ಲಿ ಯಾವುದಾದರೂ ಪುಸ್ತಕ ಇದ್ದೇ ಇರುತ್ತದೆ. ಹಾಗಾಗಿ ಈ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯಗಳಿವೆ, ಬಿಚ್ಚಿ ಹೇಳುತ್ತೇನೆ.

ನಿಮ್ಮ ಕಿವಿಯಲ್ಲಿ ಏನೂ ದೋಷವಿಲ್ಲ. ಎಂಥ ಕಂಚಿನ ಕಂಠವಿದ್ದರೂ ಓದುವವರು ಆ ವಾಕ್ಯ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಮೊದಲೇ ತಿಳಿದುಕೊಂಡು ಬಾಯಿ ತೆರೆಯದಿದ್ದರೆ ಕೇಳುವವರಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲು ಆಗುವುದಿಲ್ಲ. ನಮ್ಮ ಭಾಷೆಯಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಕ್ರಿಯಾಪದ ಬರುವುದು ಕೊನೆಗೆ. ಒಂದು ವಾಕ್ಯ ತೆಗೆದುಕೊಳ್ಳಿ: "ಅವನು ಬೆಳಿಗ್ಗೆ ಎದ್ದು, ದನಕ್ಕೆ ಹುಲ್ಲು ಹಾಕಿ, ಬಾವಿಕಟ್ಟೆಯಲ್ಲಿ ಮುಖ ತೊಳೆದು, ಹೆಂಡತಿಗೆ ಒಂದು ಮಾತೂ ಹೇಳದೆ ಊರು ಬಿಟ್ಟ." ಭಾರವೆಲ್ಲ ಇರುವುದು ಕೊನೆಯಲ್ಲಿ. ಎಷ್ಟೋ ಜನ "ಎದ್ದು" ಅಂದ ಕೂಡಲೇ ದನಿ ಇಳಿಸುತ್ತಾರೆ, "ಹಾಕಿ" ಅಂದಾಗ ಮತ್ತೆ ಇಳಿಸುತ್ತಾರೆ, "ತೊಳೆದು" ಅಂದಾಗ ಇನ್ನೊಮ್ಮೆ. ಕೊನೆಗೆ "ಊರು ಬಿಟ್ಟ" ಬರುವ ಹೊತ್ತಿಗೆ ಅದಕ್ಕೂ ದನಕ್ಕೆ ಹುಲ್ಲು ಹಾಕಿದ್ದಕ್ಕೂ ವ್ಯತ್ಯಾಸವೇ ಉಳಿದಿರುವುದಿಲ್ಲ. ಬಲ್ಲವರು ಮೊದಲ ಮೂರನ್ನು ಒಂದೇ ಎತ್ತರದಲ್ಲಿ ಹಿಡಿದುಕೊಂಡು ಹೋಗಿ, "ಒಂದು ಮಾತೂ ಹೇಳದೆ" ಎಂಬಲ್ಲಿ ಕೊಂಚ ನಿಧಾನಿಸಿ, ಆಮೇಲೆ ಇಳಿಸುತ್ತಾರೆ. ಪುಟದ ಮೇಲಾದರೆ ಕಣ್ಣು ಮುಂದೆ ಓಡಿ ವಾಕ್ಯದ ಕೊನೆಯನ್ನು ನೋಡಿಕೊಂಡು ಬಂದುಬಿಡುತ್ತದೆ. ಕಿವಿಗೆ ಆ ಅನುಕೂಲವಿಲ್ಲ, ಅದು ಓದುವವರನ್ನೇ ನಂಬಿಕೊಂಡಿರುತ್ತದೆ. ನೀವು ಬಿಟ್ಟ ಪುಸ್ತಕಗಳನ್ನು ಮತ್ತೆ ಎರಡು ನಿಮಿಷ ಹಾಕಿ ನೋಡಿ, ಪ್ರತಿ ಅಲ್ಪವಿರಾಮಕ್ಕೂ ದನಿ ಕುಸಿಯುತ್ತಿದೆಯೇ ಎಂದು ಗಮನಿಸಿ. ಕುಸಿಯುತ್ತಿದ್ದರೆ ನೀವು ಬಿಟ್ಟಿದ್ದೇ ಸರಿ.

ಕೇಳಿ ಸವಿಯುವುದು ನಮಗೆ ಹೊಸತಲ್ಲ. ಕಾವ್ಯವನ್ನು ರಾಗವಾಗಿ ಓದಿ ಕೇಳಿಸುವ ಗಮಕ ಇರುವುದೇ ಅದಕ್ಕಾಗಿ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಸಾಲು ಮುಗಿದಲ್ಲಿ ಮಾತು ಮುಗಿಯುವುದಿಲ್ಲ. ಹದಿನಾಲ್ಕು ಮಾತ್ರೆಯ ಸಾಲು ಕೆಲವೊಮ್ಮೆ ಪದದ ನಡುವೆಯೇ ತುಂಡಾಗಿ ಮುಂದಿನ ಸಾಲಿಗೆ ಹರಿಯುತ್ತದೆ. ಗಮಕಿ ಆ ಲೆಕ್ಕಕ್ಕೆ ಕಟ್ಟುಬೀಳದೆ ಅರ್ಥ ಎಲ್ಲಿ ಒಡೆಯುತ್ತದೋ ಅಲ್ಲಿ ಒಡೆದು ಹಾಡುತ್ತಾರೆ, ರಾಗವನ್ನೂ ಸನ್ನಿವೇಶಕ್ಕೆ ತಕ್ಕಂತೆ ಬದಲಿಸುತ್ತಾರೆ, ಆದರೆ ರಾಗ ಎಂದೂ ಮಾತನ್ನು ಮುಚ್ಚಬಾರದು. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ಈ ಕಲೆಗೇ. ಅವರ ವಾಚನದ ಧ್ವನಿಮುದ್ರಣ ಸಿಕ್ಕರೆ ಕೇಳಿ. ಹಳೆಯ ಕನ್ನಡ ನನಗೆ ಅರ್ಥವಾಗುವುದಿಲ್ಲ ಎಂದು ಹೆದರುವವರಿಗೂ ಅರ್ಧಕ್ಕರ್ಧ ತಿಳಿಯುತ್ತದೆ, ಪದಗಳನ್ನು ಬಿಡಿಸಿಕೊಟ್ಟಿರುತ್ತಾರಲ್ಲ. ಕಾದಂಬರಿಗೆ ದನಿ ಕೊಡುವವರು ಹಾಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಮೈಕಿನ ಮುಂದೆ ಕೂರುವ ಮೊದಲು ಗಮಕಿಗಳು ಮಾಡುವ ಆ ಪದವಿಭಾಗದ ಕೆಲಸವನ್ನು ಇವರೂ ಮಾಡಿಕೊಳ್ಳಬೇಕು.

ಒಬ್ಬರೋ ಹಲವರೋ ಎಂಬುದಕ್ಕೆ ಬರುತ್ತೇನೆ. ಕಥೆ, ಕಾದಂಬರಿಗೆ ನನ್ನ ಓಟು ಒಬ್ಬರಿಗೇ. ಇಂಗ್ಲಿಷಿನಲ್ಲಿ ಹ್ಯಾರಿ ಪಾಟರ್ ಸರಣಿಯನ್ನು ಬ್ರಿಟನ್ನಿನ ಆವೃತ್ತಿಗೆ ಸ್ಟೀಫನ್ ಫ್ರೈ, ಅಮೆರಿಕದ ಆವೃತ್ತಿಗೆ ಜಿಮ್ ಡೇಲ್ ಓದಿದ್ದಾರೆ, ಏಳೂ ಪುಸ್ತಕಗಳನ್ನು ಒಬ್ಬೊಬ್ಬರೇ. ಡೇಲ್ ಪಾತ್ರಕ್ಕೊಂದು ದನಿ ಕಟ್ಟುವುದರಲ್ಲಿ ನಿಸ್ಸೀಮರು. ನನಗೆ ಹೆಚ್ಚು ಹಿಡಿಸಿದ್ದು ಫ್ರೈ. ಪಾತ್ರಗಳ ದನಿ ಬದಲಾಗುತ್ತಿದ್ದರೂ ಕಥೆ ಹೇಳುವವರ ಸ್ವಂತ ದನಿ ಒಂದೇ ಸಮನೆ ಬೆಚ್ಚಗೆ ಪಕ್ಕದಲ್ಲೇ ಇರುತ್ತದೆ. ಅದಕ್ಕೆ ತದ್ವಿರುದ್ಧ ಜಾರ್ಜ್ ಸಾಂಡರ್ಸ್ ಅವರ ಕಾದಂಬರಿ 'ಲಿಂಕನ್ ಇನ್ ದ ಬಾರ್ಡೋ'. 2017ರಲ್ಲಿ ಬಂದ ಅದರ ಆಡಿಯೋದಲ್ಲಿ 166 ಜನ ಓದಿದ್ದಾರೆ. ಪ್ರಯತ್ನಕ್ಕೆ ಕೈಮುಗಿಯಬೇಕು, ಸ್ಮಶಾನದ ಆತ್ಮಗಳ ಗುಂಪು ನಿಜಕ್ಕೂ ಗುಂಪಾಗಿ ಕೇಳಿಸುತ್ತದೆ. ಆದರೆ ರೈಲಿನಲ್ಲಿ ನಿಂತು ಕೇಳುವಾಗ ಯಾರು ಮಾತಾಡುತ್ತಿದ್ದಾರೆಂದು ಹಿಡಿಯಲಾಗದೆ ನಾನು ಪುಸ್ತಕವನ್ನೂ ಕೈಯಲ್ಲಿ ಹಿಡಿಯಬೇಕಾಯಿತು.

ಹಲವರು ಓದಬೇಕಾದ ಪುಸ್ತಕಗಳೂ ಇವೆ ಅನ್ನಿ. ಭೈರಪ್ಪನವರ 'ಪರ್ವ' ಅಂಥದ್ದು. ಒಂದೊಂದು ಭಾಗವೂ ಒಬ್ಬೊಬ್ಬರ ಮನಸ್ಸಿನೊಳಗೆ ನಡೆಯುತ್ತದೆ. ಮುದಿ ಶಲ್ಯನ ಯೋಚನೆಯಿಂದ ಹಿಡಿದು ಕುಂತಿ, ದ್ರೌಪದಿ, ಭೀಮ ಎಲ್ಲರೂ ತಮ್ಮ ತಮ್ಮ ನೆನಪಿನಲ್ಲಿ ಮುಳುಗುತ್ತಾರೆ. ಅಲ್ಲಿ ಭಾಗಕ್ಕೊಬ್ಬರಂತೆ ಓದಿದರೆ ಚೆಂದ, ಕುಂತಿಗೆ ವಯಸ್ಸಾದ ಹೆಂಗಸಿನ ದನಿಯೇ ಬೇಕು. ಆದರೆ ಒಂದೇ ಭಾಗದೊಳಗಿನ ಸಂಭಾಷಣೆಗೆಲ್ಲ ಬೇರೆ ಬೇರೆಯವರನ್ನು ಕರೆತಂದರೆ ಕೆಡುತ್ತದೆ, ಏಕೆಂದರೆ ಆ ಮಾತುಗಳು ಕೂಡ ನೆನಪಿಸಿಕೊಳ್ಳುವವರ ತಲೆಯೊಳಗಿನವು. ಟಿ.ಪಿ. ಕೈಲಾಸಂ ಅವರ ನಾಟಕಗಳ ವಿಷಯವೇ ಬೇರೆ. ಹೇಳಿ ಬರೆಸಿದ ಮಾತುಗಳು ಅವು, ಅದೂ ಆಗಿನ ಬೆಂಗಳೂರಿನ ಇಂಗ್ಲಿಷ್ ಬೆರೆತ ಕನ್ನಡದಲ್ಲಿ. ನಾಲ್ಕು ಜನ ಮೇಜಿನ ಸುತ್ತ ಕೂತು ಒಬ್ಬರ ಮಾತಿಗೆ ಒಬ್ಬರು ಬಾಯಿ ಹಾಕುತ್ತ ಓದಬೇಕು. ಆಕಾಶವಾಣಿಯ ನಾಟಕಗಳನ್ನು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸುವುದು ಪ್ರಾದೇಶಿಕ ಕನ್ನಡವನ್ನು ಹಾಸ್ಯಕ್ಕೆ ಇಳಿಸುವುದು. ನಮ್ಮ ಅತ್ತೆ ಧಾರವಾಡದ ಕಡೆಯವರು. ಕಣ್ಣು ಮಂಜಾದ ಮೇಲೆ ಮಧ್ಯಾಹ್ನ ಫೋನಿನಲ್ಲಿ ಕಥೆ ಹಾಕಿಸಿಕೊಂಡು ಕೇಳುತ್ತಾರೆ. ಒಂದು ದಿನ ಅವರ ಕಡೆಯದೇ ಕಥೆ. ಮಗ ಕೆಲಸ ಹುಡುಕಿಕೊಂಡು ಊರು ಬಿಡುವ ಸನ್ನಿವೇಶ. ಬಾಗಿಲಲ್ಲಿ ನಿಂತು "ಅವ್ವಾ, ನಾ ಹೋಗಿ ಬರ್ತೀನಿ" ಅನ್ನುತ್ತಾನೆ. ಓದಿದವರು ಆ "ಬರ್ತೀನಿ"ಯ ಬಾಲವನ್ನು ಸಿನಿಮಾದ ಕಾಮಿಡಿ ಪಾತ್ರದ ಹಾಗೆ ಎಳೆದು ಮೇಲಕ್ಕೆತ್ತಿದರು. ಅತ್ತೆ ಕೈ ತೋರಿಸಿ ನಿಲ್ಲಿಸಲು ಹೇಳಿದರು. "ಹಿಂಗ್ಯಾಕ ಅಂತಾನ ಇಂವಾ? ಮಗಾ ಊರು ಬಿಟ್ಟು ಹೊಂಟಾನ, ಇಂವಾ ಮಂದೀನ ನಗಸಾಕ ಹತ್ಯಾನ" ಅಂದರು. ಆಮೇಲೆ ಅದೇ ಮಾತನ್ನು ತಾವೇ ಅಂದು ತೋರಿಸಿದರು. ಎಳೆತವೇ ಇಲ್ಲ. "ಅವ್ವಾ" ಅಂದ ಮೇಲೆ ಒಂದು ಸಣ್ಣ ತಡೆ, ಮಿಕ್ಕಿದ್ದೆಲ್ಲ ಒಂದೇ ಉಸಿರಿನಲ್ಲಿ, ಬೇಗ ಮುಗಿಸಿಬಿಡುವವನ ಹಾಗೆ. ನನಗೆ ಅಲ್ಲೇ ಗಂಟಲು ಕಟ್ಟಿತು. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಓದುವವರಿಗೆ ಹುಬ್ಬಳ್ಳಿ, ಕುಂದಾಪುರ, ಚಾಮರಾಜನಗರದ ಕನ್ನಡವೆಲ್ಲ ಬರಲೇಬೇಕೆಂದು ಯಾರೂ ಕೇಳುವುದಿಲ್ಲ. ಬಾರದಿದ್ದರೆ ಆ ಕಡೆಯವರನ್ನು ಕರೆಸಬೇಕು. ಅದೂ ಆಗದಿದ್ದರೆ ಸುಮ್ಮನೆ ನೇರವಾಗಿ ಓದಿಬಿಡಬೇಕು, ಅನುಕರಣೆಯ ಗೋಜಿಗೇ ಹೋಗಬಾರದು. ದಕ್ಷಿಣ ಆಫ್ರಿಕಾದ ಹಾಸ್ಯಗಾರ ಟ್ರೆವರ್ ನೋವಾ ತಮ್ಮ ಆತ್ಮಕಥೆ 'ಬಾರ್ನ್ ಎ ಕ್ರೈಮ್' ಅನ್ನು ತಾವೇ ಓದಿದ್ದಾರೆ. ಅಲ್ಲಿನ ಭಾಷೆಯಿಂದ ಭಾಷೆಗೆ ದಾಟುವಾಗ ಎಲ್ಲೂ ಪ್ರದರ್ಶನದ ವಾಸನೆ ಬರುವುದಿಲ್ಲ, ಅವು ಅವರ ಮನೆಯ, ಬೀದಿಯ ಮಾತುಗಳು. ತುಳು, ಕೊಂಕಣಿ, ದಖನಿ ಎಲ್ಲ ಬೆರೆತ ನಮ್ಮ ಕಥೆಗಳಿಗೂ ಅಂಥ ಬಾಯಿ ಬೇಕು.

ದೇವನೂರ ಮಹಾದೇವ ಅವರ 'ಕುಸುಮಬಾಲೆ' ಈ ಕಾರಣಕ್ಕೇ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ನಂಜನಗೂಡು ಸೀಮೆಯ ಆಡುಮಾತನ್ನೇ ಹಾಸಿ ಹೊದ್ದ ಪುಸ್ತಕ. ಬೆಂಗಳೂರಿನಲ್ಲಿ ಎಷ್ಟೋ ಜನ ಅದನ್ನು ಕಷ್ಟ ಎಂದು ಮುಚ್ಚಿಟ್ಟಿದ್ದನ್ನು ನೋಡಿದ್ದೇನೆ. ಕಣ್ಣಿನಲ್ಲಿ ಓದಿದರೆ ಕಷ್ಟವೇ. ಆ ಕಡೆಯವರ ಬಾಯಲ್ಲಿ ನಾಲ್ಕು ಪುಟ ಕೇಳಿದರೆ ಗಂಟುಗಳೆಲ್ಲ ತಾವೇ ಬಿಚ್ಚಿಕೊಳ್ಳುತ್ತವೆ. ಮೈಸೂರು, ಚಾಮರಾಜನಗರದ ಕಡೆಯ ಗೆಳೆಯರಿದ್ದರೆ ಓದಿಸಿಕೊಂಡು ಕೇಳಿ, ಆ್ಯಪ್‌ಗೆ ಕಾಯಬೇಡಿ.

ನೀವು ಶುರು ಮಾಡಲು ನನ್ನ ಸಲಹೆ ತೇಜಸ್ವಿಯವರ 'ಕರ್ವಾಲೊ'. 1980ರ ಪುಸ್ತಕ, ಈಗಲೂ ನಿನ್ನೆ ಹೇಳಿದ ಹಾಗಿದೆ. ಮೂಡಿಗೆರೆಯಲ್ಲಿ ಜೇನು ತರಲು ಹೋದಲ್ಲಿಂದ ಕಥೆ ಎದ್ದುಕೊಳ್ಳುತ್ತದೆ, ಹೇಳುವವರು 'ನಾನು' ಎಂದೇ ಹೇಳುತ್ತಾರೆ, ವಾಕ್ಯಗಳು ಚಿಕ್ಕವು, ಮಾತುಕತೆ ಹೆಚ್ಚು. ಸಾಧಾರಣವಾಗಿ ಓದಿದರೂ ಕೆಡುವುದಿಲ್ಲ. ಅದರಲ್ಲಿ ಬರುವ ಹಳ್ಳಿಯ ಮಂದಣ್ಣನ ಮಾತನ್ನು ಪೆದ್ದನ ಹಾಗೆ ಓದಿದ್ದರೆ ಮಾತ್ರ ಅದನ್ನು ಬಿಟ್ಟು ಬೇರೆಯವರು ಓದಿದ್ದನ್ನು ಹುಡುಕಿ. ಅವನು ಪೆದ್ದನಲ್ಲ, ಕಾದಂಬರಿಯ ಜೀವವೇ ಅಲ್ಲಿದೆ. ಅದಾದ ಮೇಲೆ ಪಂಜೆ ಮಂಗೇಶರಾಯರ ಮಕ್ಕಳ ಕಥೆಗಳು. ಅಂಥ ಹಳಬರ ಬರಹಕ್ಕೆ ಇನ್ನೊಂದು ಅನುಕೂಲವಿದೆ: ನಮ್ಮಲ್ಲಿ ಲೇಖಕರು ತೀರಿಕೊಂಡ 60 ವರ್ಷಗಳ ನಂತರ ಹಕ್ಕುಸ್ವಾಮ್ಯ ಮುಗಿಯುತ್ತದೆ. ಪಂಜೆ 1937ರಲ್ಲಿ, ಕಾದಂಬರಿಕಾರ ಗಳಗನಾಥರು 1942ರಲ್ಲಿ, ಕೈಲಾಸಂ 1946ರಲ್ಲಿ ತೀರಿಕೊಂಡರು. ಇವರನ್ನು ಯಾರು ಬೇಕಾದರೂ ಓದಿ ಹಾಕಬಹುದು, ಒಬ್ಬರದು ಹಿಡಿಸದಿದ್ದರೆ ಇನ್ನೊಬ್ಬರದು.

ದೊಡ್ಡ ಕಾದಂಬರಿಗಳನ್ನು ಆಮೇಲೆ ಹಚ್ಚಿಕೊಳ್ಳಿ. ಅಷ್ಟು ಹೊತ್ತು ಯಾರು ಕೇಳುತ್ತಾರೆ ಎನ್ನುವವರಿಗೆ ನನ್ನದೊಂದೇ ಉತ್ತರ: ಕುವೆಂಪು ಅವರ ದೊಡ್ಡ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ನಾಟಕವಾದಾಗ ಅದನ್ನು ನೋಡಲು ಇದೇ ಬೆಂಗಳೂರಿನ ಕಲಾಗ್ರಾಮದಲ್ಲಿ ಜನ ರಾತ್ರಿಯಿಡೀ ಕೂತಿದ್ದರು.

ಹಿನ್ನೆಲೆ ಸಂಗೀತ ನನಗೆ ಬೇಡವೇ ಬೇಡ. ಅಧ್ಯಾಯದ ಮೊದಲಿಗೆ ನಾಲ್ಕು ಕ್ಷಣ ಕೊಳಲು ಇರಲಿ, ಮಾತಿನ ಕೆಳಗೆ ಉದ್ದಕ್ಕೂ ಹರಿಯುತ್ತಿದ್ದರೆ ಎರಡನ್ನೂ ಕೇಳಲಾಗುವುದಿಲ್ಲ. ಬಾಗಿಲು ಕಿರ್‍ರೆನ್ನುವುದು, ಮಳೆ ಸುರಿಯುವುದು ಇವೆಲ್ಲ ಪುಸ್ತಕದಲ್ಲಿ ಬರೆದೇ ಇರುತ್ತವೆ. ಇನ್ನು ದನಿಯ ಮಟ್ಟ. ಭಾವ ತುಂಬಲು ಪಿಸುಗುಟ್ಟುವವರ ಮಾತು ಮಾಗಡಿ ರಸ್ತೆ ನಿಲ್ದಾಣ ದಾಟಿ ರೈಲು ನೆಲದೊಳಗೆ ಇಳಿದ ಕೂಡಲೇ ಮಾಯವಾಗಿ, ಕಬ್ಬನ್ ಪಾರ್ಕ್ ದಾಟಿ ಮೇಲೆ ಬಂದಾಗ ಮತ್ತೆ ಸಿಗುತ್ತದೆ. ಅಷ್ಟರಲ್ಲಿ ಯಾರೋ ಸತ್ತಿರುತ್ತಾರೆ. ಆಡಿಬಲ್‌ಗೆ ಪುಸ್ತಕ ಸಿದ್ಧಮಾಡುವ ಎಸಿಎಕ್ಸ್‌ನಲ್ಲಿ ಇದಕ್ಕೆ ಕಟ್ಟುನಿಟ್ಟಾದ ಅಳತೆ ಇದೆ (ಸೊನ್ನೆ ಎಂದರೆ ಮುದ್ರಣ ಹಿಡಿಯಬಲ್ಲ ಅತಿ ಜೋರಿನ ಮಟ್ಟ, ಮೈನಸ್ ಹೆಚ್ಚಿದಷ್ಟೂ ಮೆಲ್ಲಗೆ): ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬೆಲ್ ನಡುವೆ, ಎಷ್ಟೇ ಜೋರಾದರೂ ಮೈನಸ್ 3 ದಾಟಬಾರದು, ಸುಮ್ಮನಿದ್ದಾಗಿನ ಸದ್ದು ಮೈನಸ್ 60ಕ್ಕಿಂತ ಕೆಳಗಿರಬೇಕು. ಕನ್ನಡದ ಪ್ರಕಾಶಕರೂ ಇಷ್ಟನ್ನು ಪಾಲಿಸಿದರೆ ಬಸ್ಸು, ರೈಲಿನಲ್ಲಿ ಕೇಳುವವರಿಗೆ ದೊಡ್ಡ ಉಪಕಾರ.

ಕಂಪ್ಯೂಟರ್ ದನಿಯ ಬಗ್ಗೆಯೂ ಕೇಳಿದ್ದೀರಿ. ಸುದ್ದಿ, ವರದಿ, ಪಠ್ಯಕ್ಕೆ ನನ್ನ ತಕರಾರಿಲ್ಲ. ಕಣ್ಣು ಕಾಣದವರಿಗೆ ಅದು ಇವತ್ತು ದೊಡ್ಡ ಆಸರೆ, ಎಲ್ಲ ಪುಸ್ತಕವನ್ನೂ ಮನುಷ್ಯರೇ ಓದಿ ಮುಗಿಸುವವರೆಗೆ ಅವರು ಯಾಕೆ ಕಾಯಬೇಕು? ಕಥೆಗೆ ಮಾತ್ರ ಬೇಡ ಎನ್ನುತ್ತೇನೆ. ನಾನು ಕೇಳಿದವು ಇನ್ನೂ ಆ "ಊರು ಬಿಟ್ಟ" ವಾಕ್ಯದಲ್ಲೇ ಎಡವುತ್ತಿವೆ. ಎಚ್‌ಎಸ್‌ಆರ್ ಬಡಾವಣೆಯಲ್ಲಿರುವ, ಕಣ್ಣು ಕಾಣದವರಿಗಾಗಿ ದುಡಿಯುವ ಮಿತ್ರ ಜ್ಯೋತಿಯಂಥ ಸಂಸ್ಥೆಗಳಿಗೆ ಸ್ವಯಂಸೇವಕರು ಪುಸ್ತಕ ಓದಿ ಕೊಡುತ್ತಾರೆ. ನಿಮಗೆ ಓದುವ ರೀತಿಯ ಬಗ್ಗೆ ಇಷ್ಟು ಕಾಳಜಿ ಇರುವುದರಿಂದ ಹೇಳುತ್ತಿದ್ದೇನೆ, ವಿಚಾರಿಸಿ ನೋಡಿ.

ಕೊಳ್ಳುವ ಮುಂಚೆ ಸ್ಯಾಂಪಲ್ ಕೇಳುವುದನ್ನು ತಪ್ಪಿಸಬೇಡಿ. ಮೊದಲ ಪುಟ ಎಲ್ಲರೂ ಚೆನ್ನಾಗಿಯೇ ಓದುತ್ತಾರೆ, ಸಾಧ್ಯವಾದರೆ ಸ್ಯಾಂಪಲ್ಲಿನ ಕೊನೆಗೆ ಹೋಗಿ ಇಬ್ಬರು ಮಾತಾಡುವ ಜಾಗ ಹುಡುಕಿ. ವೇಗ ಹೆಚ್ಚಿಸಬೇಕು ಅನ್ನಿಸಿದರೆ ಸ್ವಲ್ಪವೇ ಹೆಚ್ಚಿಸಿ, ಒಂದೂಕಾಲು ಪಟ್ಟು ದಾಟಿದರೆ ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಮತ್ತು ಮೈಲ್ಯಾಂಗ್ ಇರಲಿ ಬೇರೆ ಯಾವುದೇ ಆ್ಯಪ್ ಇರಲಿ, ಅಭಿಪ್ರಾಯ ಬರೆಯುವಾಗ ಪುಸ್ತಕದ ಜೊತೆಗೆ ಓದಿದವರ ಹೆಸರನ್ನೂ ಹಿಡಿದು, ಯಾವ ಅಧ್ಯಾಯ ಯಾಕೆ ಚೆನ್ನಾಗಿತ್ತು ಎಂದು ಬರೆಯಿರಿ. ಮುಂದಿನ ಪುಸ್ತಕಕ್ಕೆ ಯಾರನ್ನು ಕರೆಯಬೇಕೆಂದು ಪ್ರಕಾಶಕರಿಗೆ ತಿಳಿಯಬೇಕಾದರೆ ಕೇಳುವವರೇ ಹೇಳಬೇಕು.